ಕಾಂಟ್ರ್ಯಾಕ್ಟ್ ನವೀಕರಣದ ಹೊತ್ತಿನಲ್ಲಿ ಏಜೆನ್ಸಿಯೊಡನೆ ದರ ಮಾತಾಡಿದ್ದು

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿರುವ ಕಂಪನಿಯೊಂದಕ್ಕೆ ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡಿಕೊಡುತ್ತೇನೆ. ಆದರೆ ಆ ಕಂಪನಿಯ ನೌಕರನಲ್ಲ. ನನ್ನ ಕರಾರು ಇರುವುದು ನೇಮಕಾತಿ ಏಜೆನ್ಸಿಯೊಂದರ ಜೊತೆ. ಏಜೆನ್ಸಿಯವರು ಕ್ಲೈಂಟ್‌ಗೆ ಒಂದು ದರದಲ್ಲಿ ಬಿಲ್ ಮಾಡುತ್ತಾರೆ, ನಾನು ಏಜೆನ್ಸಿಗೆ ಅದಕ್ಕಿಂತ ಕಡಿಮೆ ದರದಲ್ಲಿ ಬಿಲ್ ಮಾಡುತ್ತೇನೆ, ನಡುವೆ ಉಳಿಯುವ ಹಣ ಅವರದು. ನಾನು ಅವರ ಪೇರೋಲ್‌ನಲ್ಲಿಯೂ ಇಲ್ಲದ ಸ್ವತಂತ್ರ ಕನ್ಸಲ್ಟೆಂಟ್ ಆದ್ದರಿಂದ ಪಿಎಫ್, ಗ್ರಾಚ್ಯುಟಿ, ಸಂಬಳದ ರಜೆ ಯಾವುದೂ ಇಲ್ಲ. 2024ರ ಏಪ್ರಿಲ್‌ನಿಂದ ಈ ಕರಾರು ಇನ್ನೊಂದು ವರ್ಷಕ್ಕೆ ನವೀಕರಣಗೊಳ್ಳಬೇಕಿತ್ತು. ಆಗ ನನ್ನ ದರ ತಿಂಗಳಿಗೆ 1,60,000 ರೂಪಾಯಿ.

ದರದ ಮಾತನ್ನು ಎತ್ತಲು ಕರಾರಿನ ಕೊನೆಯ ವಾರದವರೆಗೆ ಕಾಯಬಾರದೆಂದು ಮೊದಲೇ ನಿರ್ಧರಿಸಿದ್ದೆ. ಕ್ಲೈಂಟ್‌ನ ಖರೀದಿ ವಿಭಾಗ ಹೊಸ ಅವಧಿಯ ಪಿಒ (ಖರೀದಿ ಆದೇಶ) ಹೊರಡಿಸಿದ ಮೇಲೆ ಏಜೆನ್ಸಿಗೆ ಬರುವ ಹಣ ನಿಗದಿಯಾಗಿಬಿಡುತ್ತದೆ, ಆಮೇಲೆ ನಾನು ಕೇಳುವ ಪ್ರತಿ ರೂಪಾಯಿಯೂ ಅವರ ಲಾಭದಿಂದಲೇ ಹೋಗಬೇಕಾಗುತ್ತದೆ. ಪಿಒ ಹೊರಡುವ ಮುನ್ನ ಕೇಳಿದರೆ ಆ ಹೊರೆಯನ್ನು ಕ್ಲೈಂಟ್‌ಗೆ ದಾಟಿಸುವ ದಾರಿಯಾದರೂ ಅವರಿಗೆ ತೆರೆದಿರುತ್ತದೆ. ಆದ್ದರಿಂದ ಫೆಬ್ರವರಿ ಆರಂಭದಲ್ಲಿಯೇ ಕ್ಲೈಂಟ್ ಕಡೆಯ ಮ್ಯಾನೇಜರ್ ಬಳಿ ಹೋಗಿ, ಮುಂದಿನ ವರ್ಷವೂ ನನ್ನ ಕೆಲಸ ಬೇಕಾಗುತ್ತದೆಯೇ ಎಂದಷ್ಟೇ ವಿಚಾರಿಸಿದೆ. ಕ್ಲೈಂಟ್ ಜೊತೆ ಹಣದ ವಿಷಯ ಮಾತಾಡಬಾರದೆಂಬ ಷರತ್ತು ನನ್ನ ಕರಾರಿನಲ್ಲಿದ್ದುದರಿಂದ ಆ ಮಾತಿಗೆ ನಾನು ಹೋಗಲಿಲ್ಲ. ಅವರೇ ಮಾತಿನ ನಡುವೆ, "ಬೇಕೇ ಬೇಕು, ರಿಲೀಸ್ ಮುಗಿಯೋವರೆಗೂ ನಿಮ್ಮನ್ನ ಬಿಡೋ ಹಾಗಿಲ್ಲ. ನಿಮ್ಮ ವೆಂಡರ್ ಇನ್ನೂ ದರ ಪರಿಷ್ಕರಣೆ ಕೇಳಿ ಬರೆದಿಲ್ಲ, ಖರೀದಿ ವಿಭಾಗದವರು ಮಾರ್ಚ್ ಮೊದಲ ವಾರ ಪಟ್ಟಿ ಮುಚ್ಚುತ್ತಾರೆ" ಎಂದರು. ನನಗೆ ಬೇಕಾದ ಎರಡು ವಿಷಯಗಳೂ ಕೇಳದೆಯೇ ಸಿಕ್ಕಿದ್ದವು.

ಏಜೆನ್ಸಿಯ ಅಕೌಂಟ್ ಮ್ಯಾನೇಜರ್‌ಗೆ ಫೋನ್ ಮಾಡುವ ಬದಲು ಇಮೇಲ್ ಬರೆದೆ. ಫೋನಿನಲ್ಲಿ ಆಡಿದ ಮಾತು ಮೇಲಿನವರಿಗೆ ತಲುಪುವಷ್ಟರಲ್ಲಿ ರೂಪ ಬದಲಿಸಿಕೊಂಡಿರುತ್ತದೆ, ಇಮೇಲ್ ಹಾಗೆಯೇ ಮುಂದಕ್ಕೆ ಹೋಗುತ್ತದೆ. ಮನೆ ಬಾಡಿಗೆ ಏರಿದೆ, ಮಕ್ಕಳ ಶಾಲೆಯ ಶುಲ್ಕ ಏರಿದೆ ಎಂಬ ಕಾರಣಗಳನ್ನು ಬರೆಯಲಿಲ್ಲ, ಏಕೆಂದರೆ ಅವನ್ನಿಟ್ಟುಕೊಂಡು ಅವರು ಖರೀದಿ ವಿಭಾಗದ ಮುಂದೆ ವಾದಿಸಲಾರರು. ಮೂಲ ಕರಾರಿನಲ್ಲಿ ಕೈಯಾರೆ ಮಾಡುವ ಪರೀಕ್ಷೆ ಮಾತ್ರ ಇತ್ತು, ಈಗ ಆಟೊಮೇಶನ್ ಚೌಕಟ್ಟನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ, ಹೊಸದಾಗಿ ಬಂದ ಇಬ್ಬರಿಗೆ ಕೆಲಸ ಕಲಿಸುವ ಹೊಣೆಯೂ ನನ್ನ ಮೇಲಿದೆ ಎಂದು ವಿವರಿಸಿ, ತಿಂಗಳಿಗೆ 1,90,000 ರೂಪಾಯಿ ಕೇಳಿದೆ. ಕ್ಲೈಂಟ್‌ಗೆ ಹಾಗೆಯೇ ಕಳುಹಿಸಲು ಬರುವಂತೆ ಕೆಲಸದ ವಿವರವನ್ನು ಪ್ರತ್ಯೇಕ ಪುಟದಲ್ಲಿ ಲಗತ್ತಿಸಿದೆ.

ಎರಡು ದಿನ ಬಿಟ್ಟು ಅಕೌಂಟ್ ಮ್ಯಾನೇಜರ್ ಅವರೇ ಫೋನ್ ಮಾಡಿದರು. "ಸರ್, ಕ್ಲೈಂಟ್ ಬಜೆಟ್ ಫ್ರೀಜ್ ಆಗಿದೆ. ನಮ್ಮ ಮಾರ್ಜಿನ್ ತುಂಬಾ ಕಡಿಮೆ. ನಿಮಗೋಸ್ಕರ ಅಂತ ಶೇ. 5 ಮಾಡಿಸಿಕೊಡ್ತೀನಿ" ಎಂದರು. ನಾನು ಬೇಡವೆನ್ನಲಿಲ್ಲ, ಒಪ್ಪಲೂ ಇಲ್ಲ. "ಮೇಡಂ, ಪರಿಷ್ಕೃತ ದರ ಕೇಳಿ ಖರೀದಿ ವಿಭಾಗಕ್ಕೆ ಬರೆದಾಗಿದೆಯೇ?" ಎಂದು ಕೇಳಿದೆ. ಕೊಂಚ ತಡೆದು, "ಬರೀತೀವಿ ಸರ್" ಎಂದರು. ಬರೆದಿಲ್ಲವೆಂಬುದು ನನಗೆ ಗೊತ್ತಿದ್ದರೂ ಅದನ್ನು ಆಡಿ ತೋರಿಸಲಿಲ್ಲ, ಹಾಗೆ ಮಾಡಿದ್ದರೆ ಮಾತುಕತೆಯ ಬದಲು ಜಗಳವಾಗುತ್ತಿತ್ತು. ಪಟ್ಟಿ ಮುಚ್ಚುವ ಮೊದಲು ಬರೆದರೆ ಒಳ್ಳೆಯದೆಂದು ಮಾತ್ರ ಹೇಳಿದೆ.

ಅವರು ಕೊಡಲು ಮುಂದಾದ ಶೇ. 5ನ್ನು ಕಾಗದದ ಮೇಲೆ ಹಾಕಿ ನೋಡಿದಾಗ ಬೇರೆಯೇ ಒಂದು ವಿಷಯ ಎದ್ದು ಕಂಡಿತು. 1,68,000 ರೂಪಾಯಿಯನ್ನು ಹನ್ನೆರಡರಿಂದ ಗುಣಿಸಿದರೆ 20,16,000. ಕರ್ನಾಟಕದಲ್ಲಿ ಸೇವೆ ಒದಗಿಸುವವರ ವರ್ಷದ ವಹಿವಾಟು 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಅಲ್ಲಿಯವರೆಗೆ 19,20,000 ರೂಪಾಯಿಯಲ್ಲಿ ನಾನು ಆ ಗೆರೆಯ ಒಳಗೇ ಇದ್ದೆ. ಆ ವರ್ಷದಿಂದ ವಾರಾಂತ್ಯದಲ್ಲಿ ತರಬೇತಿ ಕೊಡುವ ಸಣ್ಣ ಕೆಲಸವೊಂದನ್ನೂ ಒಪ್ಪಿಕೊಂಡಿದ್ದೆ, ಅದರ ಗಳಿಕೆಯೂ ಇದೇ ಲೆಕ್ಕಕ್ಕೆ ಸೇರುವುದರಿಂದ ವರ್ಷ ಮುಗಿಯುವ ಮೊದಲೇ ಗೆರೆ ದಾಟುವುದು ಖಚಿತವಾಗಿತ್ತು. ದಾಟಿದ ಮೇಲೆ ಪ್ರತಿ ಬಿಲ್‌ಗೂ ಶೇ. 18 ತೆರಿಗೆ ಸೇರುತ್ತದೆ. ಹಳೆಯ ಕರಾರಿನಲ್ಲೋ, ದರವು "ಎಲ್ಲ ತೆರಿಗೆಗಳನ್ನೂ ಒಳಗೊಂಡಿದೆ" ಎಂಬ ಸಾಲಿತ್ತು. ಆ ಸಾಲು ಹಾಗೆಯೇ ಉಳಿದರೆ 1,68,000 ರೂಪಾಯಿಯೊಳಗಿಂದಲೇ ಜಿಎಸ್‌ಟಿ ಕಟ್ಟಬೇಕು. 1.18ರಿಂದ ಭಾಗಿಸಿದರೆ ನನ್ನ ಪಾಲಿಗೆ ಉಳಿಯುವುದು 1,42,373 ರೂಪಾಯಿ. ಏರಿಕೆಯೆಂದು ಕರೆಸಿಕೊಂಡ ಆ ಮೊತ್ತ ನನ್ನ ಹಳೆಯ ದರಕ್ಕಿಂತ ಹದಿನೇಳು ಸಾವಿರಕ್ಕೂ ಮೀರಿ ಕಡಿಮೆ!

ಹೀಗಾಗಿ ಎರಡನೆಯ ಇಮೇಲ್‌ನಲ್ಲಿ ಅಂಕಿಗಿಂತ ಈ ಸಾಲಿಗೇ ಹೆಚ್ಚು ಒತ್ತು ಕೊಟ್ಟೆ. ದರವು ಜಿಎಸ್‌ಟಿ ಹೊರತುಪಡಿಸಿ ಎಂದಾಗಬೇಕು, ಅನ್ವಯವಾದಾಗ ಜಿಎಸ್‌ಟಿಯನ್ನು ಬಿಲ್‌ನಲ್ಲಿ ಪ್ರತ್ಯೇಕವಾಗಿ ತೋರಿಸಲಾಗುವುದು ಎಂದು ಬರೆದೆ. ಏಜೆನ್ಸಿಗೆ ಇದರಿಂದ ನಷ್ಟವಿಲ್ಲ: ನನಗೆ ಕೊಟ್ಟ ಜಿಎಸ್‌ಟಿಯನ್ನು ಅವರು ತಾವು ಕ್ಲೈಂಟ್‌ನಿಂದ ವಸೂಲು ಮಾಡುವ ಜಿಎಸ್‌ಟಿಯ ಎದುರು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಿಸಿಕೊಳ್ಳಬಹುದು. ಬಿಲ್‌ನಲ್ಲಿ ತೆರಿಗೆ ಪ್ರತ್ಯೇಕವಾಗಿದ್ದರೆ ಆಗಿನ ಆದಾಯ ತೆರಿಗೆ ಕಾಯಿದೆಯ 194ಜೆ ಸೆಕ್ಷನ್ ಅಡಿ ಅವರು ಕಡಿತ ಮಾಡುತ್ತಿದ್ದ ಶೇ. 10 ಟಿಡಿಎಸ್ (ಪಾವತಿಯ ಹೊತ್ತಿಗೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕೂಡ ಮೂಲ ಮೊತ್ತಕ್ಕಷ್ಟೇ ಅನ್ವಯಿಸುತ್ತಿತ್ತು. ಅವರ ಲೆಕ್ಕಪತ್ರ ವಿಭಾಗಕ್ಕೆ ಇದೆಲ್ಲ ಗೊತ್ತಿದ್ದ ವಿಷಯವೇ ಆದ್ದರಿಂದ ತಕರಾರಿಲ್ಲದೆ ಒಪ್ಪಿಗೆ ಬಂತು. ನೇಮಕಾತಿಯವರಿಗೆ ಮಾತ್ರ ಇದು ಹೊಸದಾಗಿ ಕೇಳಿಸಿತು.

"ಮಾರ್ಜಿನ್ ಕಡಿಮೆ" ಎಂಬ ಮಾತಿಗೂ ಉತ್ತರ ಬೇಕಿತ್ತು. ಅವರ ಬಿಲ್ ದರ ಎಷ್ಟೆಂದು ನಾನು ಕೇಳಲಿಲ್ಲ. ಕೇಳಿದರೂ ಯಾವ ಏಜೆನ್ಸಿಯೂ ಹೇಳುವುದಿಲ್ಲ. ಆದರೆ ಆ ಅಂತರದಿಂದ ಅವರು ನನಗಾಗಿ ಏನೇನು ಭರಿಸುತ್ತಾರೆಂಬುದನ್ನು ಹೊರಗಿನಿಂದಲೇ ಲೆಕ್ಕ ಹಾಕಬಹುದು. ಪಿಎಫ್ ಇಲ್ಲ, ವಿಮೆ ಇಲ್ಲ. ನವೀಕರಣವಾದ್ದರಿಂದ ಅಭ್ಯರ್ಥಿಯನ್ನು ಹುಡುಕಿ ಸಂದರ್ಶನ ಮಾಡಿಸುವ ಖರ್ಚೂ ಇಲ್ಲ. ಕ್ಲೈಂಟ್ ಹಣ ಕೊಡುವ ಮೊದಲೇ ನಮಗೆ ಕೊಡಬೇಕಾಗುತ್ತದೆ ಎಂಬುದು ಏಜೆನ್ಸಿಗಳ ಸಾಮಾನ್ಯ ಸಮರ್ಥನೆ. ನನ್ನ ಕರಾರಿನಲ್ಲಿಯೋ, ಕ್ಲೈಂಟ್‌ನಿಂದ ಹಣ ಬಂದ ಮೇಲೆಯೇ ನನಗೆ ಪಾವತಿ ಎಂದಿತ್ತು. ಎಂದರೆ ಕಾಯುವ ಕಷ್ಟ ನನ್ನದೇ ಆಗಿತ್ತು. ಒಂದು ವೇಳೆ ಅವರು ನನಗೆ 45 ದಿನಕ್ಕೆ ಕೊಟ್ಟು ಕ್ಲೈಂಟ್‌ನಿಂದ 60 ದಿನಕ್ಕೆ ಪಡೆದರೂ, 1,80,000 ರೂಪಾಯಿಗೆ ವರ್ಷಕ್ಕೆ ಶೇ. 12ರ ಬಡ್ಡಿಯಂತೆ ಹದಿನೈದು ದಿನಕ್ಕೆ ಒಂಬೈನೂರು ರೂಪಾಯಿಯೂ ಆಗುವುದಿಲ್ಲ.

ಈ ಪಾವತಿಯ ಷರತ್ತನ್ನು ಬದಲಿಸಲು ಆ ವರ್ಷ ಕಾಲವೂ ಕೂಡಿಬಂದಿತ್ತು. 2006ರ ಎಂಎಸ್‌ಎಂಇಡಿ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯಿದೆಯ ಪ್ರಕಾರ ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಬೇಕು. ಬಹುಕಾಲ ಈ ನಿಯಮಕ್ಕೆ ಯಾರೂ ಅಷ್ಟಾಗಿ ಹೆದರುತ್ತಿರಲಿಲ್ಲ. ಆದರೆ 2023-24ರ ಲೆಕ್ಕದ ವರ್ಷದಿಂದ ಆಗಿನ ಆದಾಯ ತೆರಿಗೆ ಕಾಯಿದೆಗೆ 43ಬಿ(ಎಚ್) ಎಂಬ ಉಪವಿಧಿ ಸೇರಿತು: ಅವಧಿ ಮೀರಿಯೂ ಬಾಕಿ ಉಳಿದ ಮೊತ್ತವನ್ನು ಕಂಪನಿ ನಿಜವಾಗಿ ಪಾವತಿಸುವವರೆಗೆ ಖರ್ಚೆಂದು ತೋರಿಸುವಂತಿಲ್ಲ. ತೆರಿಗೆಗೆ ತಗುಲುವ ಮಾತಾದ್ದರಿಂದ ಲೆಕ್ಕಪತ್ರ ವಿಭಾಗದವರು ಕಿವಿಗೊಟ್ಟರು. ನಾನೂ ಅಂಥ ಸಣ್ಣ ಉದ್ಯಮವೆಂದು ತೋರಿಸಲು, ಶುಲ್ಕವಿಲ್ಲದ ಸರ್ಕಾರಿ ಉದ್ಯಮ್ ನೋಂದಣಿಯನ್ನು ಆನ್‌ಲೈನ್‌ನಲ್ಲಿ ಮಾಡಿಸಿಕೊಂಡು ಪ್ರಮಾಣಪತ್ರವನ್ನು ಇಮೇಲ್‌ಗೆ ಲಗತ್ತಿಸಿದೆ. "ಕ್ಲೈಂಟ್‌ನಿಂದ ಹಣ ಬಂದ ಮೇಲೆ" ಎಂಬ ಸಾಲು ಹೋಗಿ, "ಬಿಲ್ ಸಲ್ಲಿಸಿದ 45 ದಿನಗಳೊಳಗೆ" ಎಂದಾಯಿತು.

ಮಾರ್ಚ್‌ನಲ್ಲಿ ಖರೀದಿ ವಿಭಾಗದ ಉತ್ತರ ಬಂದಾಗ ಅಕೌಂಟ್ ಮ್ಯಾನೇಜರ್ 1,78,000 ಎಂದರು. ಬೇರೆಡೆ ನನಗೆ ಕರೆ ಬಂದಿದೆಯೆಂದು ಸುಳ್ಳು ಹೇಳುವುದು ಸುಲಭವಿತ್ತು, ಆದರೆ ಆಫರ್ ಪತ್ರ ತೋರಿಸಿ ಎಂದುಬಿಟ್ಟರೆ ಅಲ್ಲಿಗೆ ಎಲ್ಲ ಮುಗಿಯುತ್ತದೆ. 1,85,000ಕ್ಕೆ ಇಳಿದು, ಅದಕ್ಕೆ ಬದಲಾಗಿ ಕರಾರಿನ ಅವಧಿಯಲ್ಲಿ ಮತ್ತೆ ಏರಿಕೆ ಕೇಳುವುದಿಲ್ಲವೆಂದು ಬರೆದುಕೊಡಲು ಒಪ್ಪಿದೆ. ಕೊನೆಗೆ 1,82,000 ರೂಪಾಯಿಗೆ, ಜಿಎಸ್‌ಟಿ ಹೊರತುಪಡಿಸಿ, ಮಾತು ನಿಂತಿತು. ಅವರಿಗೆ ಹದಿನೈದು ದಿನ, ನನಗೆ ಅರವತ್ತು ದಿನ ಎಂದಿದ್ದ ನೋಟಿಸ್ ಅವಧಿ ಇಬ್ಬರಿಗೂ ಮೂವತ್ತಾಯಿತು.

ಕರಾರು ಮುಗಿದ ಮೇಲೆ ಒಂದು ವರ್ಷ ಅದೇ ಕ್ಲೈಂಟ್ ಬಳಿ ನೇರವಾಗಿ ಸೇರಬಾರದೆಂಬ ಷರತ್ತನ್ನು ತೆಗೆಯಲು ಅವರು ಒಪ್ಪಲಿಲ್ಲ. 1872ರ ಕರಾರು ಕಾಯಿದೆಯ 27ನೆಯ ಸೆಕ್ಷನ್ ಜೀವನೋಪಾಯಕ್ಕೆ ಅಡ್ಡಿಯಾಗುವ ಇಂಥ ನಿರ್ಬಂಧಗಳನ್ನು ಅಸಿಂಧುವೆನ್ನುತ್ತದೆ ಎಂದು ತಿಳಿಸಿ ನೋಡಿದೆ, ಇದು ಎಲ್ಲರ ಕರಾರಿನಲ್ಲಿಯೂ ಇರುವ ಸಾಲು ಎಂಬ ಉತ್ತರ ಬಂತು. ಆ ಕ್ಲೈಂಟ್‌ಗೆ ನೇರವಾಗಿ ಸೇರುವ ಯೋಚನೆ ನನಗಿರಲಿಲ್ಲವಾದ್ದರಿಂದ ಅದನ್ನು ಹಿಡಿದು ಎಳೆಯಲಿಲ್ಲ. ಸಹಿಗೆ ಬಂದ ಪ್ರತಿಯಲ್ಲಿ ದರವೇನೋ ಸರಿಯಾಗಿತ್ತು, ಆದರೆ "ಎಲ್ಲ ತೆರಿಗೆಗಳನ್ನೂ ಒಳಗೊಂಡಿದೆ" ಎಂಬುದು ಹಳೆಯ ನಮೂನೆಯಿಂದ ಅನುಬಂಧದ ಪುಟಕ್ಕೆ ಹಾಗೆಯೇ ಇಳಿದಿತ್ತು. ಅದನ್ನು ತೆಗೆಸಿ, ತಿದ್ದಿದ ಪ್ರತಿ ಬಂದ ಮೇಲೆ ಸಹಿ ಹಾಕಿದೆ.