ಅಕ್ಕಸಾಲಿ ಕಸದಿಂದ ಚಿನ್ನ: ಆಸಿಡ್‌ಗಿಂತ ಮೊದಲು ಕಿಟ್ಟ ನೋಡಿ

ದಾವಣಗೆರೆಯ ಚಿನ್ನದ ಕೆಲಸದ ಅಂಗಡಿಗಳಿಂದ ನಮ್ಮಲ್ಲಿಗೆ ಬರುವುದು ಗುಡಿಸಿದ ದೂಳು, ಪಾಲಿಶ್ ಬಟ್ಟೆ, ಲೋಹ ಕರಗಿಸುವ ಒಡೆದ ಮೂಸೆ. ಆಸಿಡ್‌ನಲ್ಲಿ ಚಿನ್ನ ಹೋಯಿತು ಅಂತ ದೂರುವವರೇ ಹೆಚ್ಚು. ನಾನು ಕಂಡಂತೆ ಅದು ಹೋಗುವುದು ಕಿಟ್ಟದಲ್ಲಿ, ಅಂದರೆ ಕರಗಿಸುವಾಗ ಲೋಹದ ಮೇಲೆ ತೇಲುವ ಗಾಜಿನಂಥ ಕಲ್ಮಶದಲ್ಲಿ.

ಕಸವನ್ನು ಕಬ್ಬಿಣದ ತಟ್ಟೆಯಲ್ಲಿ ಸಣ್ಣ ಉರಿಯಲ್ಲಿ ಸುಡುತ್ತೇನೆ. ಫ್ಯಾನ್ ಹಚ್ಚಿದರೆ ಬೂದಿಯ ಜೊತೆ ಸಣ್ಣ ಚಿನ್ನವೂ ಹಾರುತ್ತದೆ. ಬೂದಿ ಕಪ್ಪಗಿದ್ದರೆ ಮೇಣ, ಎಣ್ಣೆ ಇನ್ನೂ ಉಳಿದಿದೆ, ಮತ್ತೆ ಸುಡಬೇಕು. ಆಮೇಲೆ ಜರಡಿ ಹಿಡಿದು, ಪ್ಲಾಸ್ಟಿಕ್ ಸುತ್ತಿದ ಅಯಸ್ಕಾಂತ ಆಡಿಸಿ ಅರದ ಕಬ್ಬಿಣದ ಪುಡಿ ತೆಗೆಯುತ್ತೇನೆ.

100 ಗ್ರಾಂ ಬೂದಿಗೆ ಸೋಡಾ ಆ್ಯಶ್ 60, ಬಿಳಿಗಾರ 40, ಗಾಜಿನ ಪುಡಿ 10 ಗ್ರಾಂ. ಚದುರಿದ ಚಿನ್ನವನ್ನು ಒಟ್ಟುಗೂಡಿಸಲು 10 ಗ್ರಾಂ ಬೆಳ್ಳಿ. ಮೂಸೆ ಹೊಸದಾದರೆ ಒಳಗೆ ಮೊದಲು ಬಿಳಿಗಾರ ಕರಗಿಸಿ ಸವರಬೇಕು, ಇಲ್ಲದಿದ್ದರೆ ಲೋಹ ರಂಧ್ರಗಳಲ್ಲಿ ಕೂರುತ್ತದೆ. ಸೋಡಾ ಗ್ಯಾಸ್ ಬಿಡುತ್ತದೆ, ಬಿಳಿಗಾರ ಉಬ್ಬುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಚಿನ್ನ ಕರಗುವುದು 1064 ಡಿಗ್ರಿಗೆ, ನಾನು 1150ರವರೆಗೆ ಏರಿಸುತ್ತೇನೆ. ಕಡ್ಡಿ ಅದ್ದಿ ಎತ್ತಿದಾಗ ಕಿಟ್ಟ ತಟತಟ ತೊಟ್ಟಿಕ್ಕಬೇಕು. ಬೆಲ್ಲದ ಪಾಕದಂತೆ ಎಳೆ ಬಂದರೆ ಲೋಹದ ಹನಿಗಳು ಕೆಳಗಿಳಿಯದೆ ನಡುವೆಯೇ ಸಿಕ್ಕಿಕೊಂಡಿವೆ ಎಂದೇ ತಿಳಿಯಿರಿ. ಪಾಲಿಶ್ ಪುಡಿಯ ಅಲ್ಯುಮಿನಾ ಹೆಚ್ಚಿದ್ದರೆ ಹೀಗಾಗುವುದು ಸಾಮಾನ್ಯ. ಕಿಟ್ಟವನ್ನು ತೆಳುವಾಗಿಸುವ ಫ್ಲೋರ್‌ಸ್ಪಾರ್ ಖನಿಜದ ಪುಡಿ ಸ್ವಲ್ಪ ಹಾಕಿ, ಇನ್ನೂ ಹೊತ್ತು ಕಾಯಿಸಬೇಕು. ಸುರಿಯುವ ಶಂಕುವಿನಾಕಾರದ ಅಚ್ಚು ಬಿಸಿಯಾಗಿರಲಿ, ತೇವವಿದ್ದರೆ ಕರಗಿದ್ದು ಸಿಡಿಯುತ್ತದೆ. ತಣಿದ ಮೇಲೆ ಸುತ್ತಿಗೆಯಿಂದ ಕಿಟ್ಟ ಒಡೆದರೆ ತಳದಲ್ಲಿ ಗುಂಡು ಸಿಗುತ್ತದೆ. ಕಿಟ್ಟವನ್ನು ಎಸೆಯದೆ ಕುಟ್ಟಿ, ನೀರಿನಲ್ಲಿ ತೊಳೆದು ನೋಡುತ್ತೇನೆ. ಹೊಳೆಯುವ ಕಾಳು ಕಂಡರೆ ಮುಂದಿನ ಮೂಸೆಗೆ ಸೇರಿಸುತ್ತೇನೆ.

ಗುಂಡಿನಲ್ಲಿರುವ ಚಿನ್ನ, ಬೆಳ್ಳಿಯನ್ನು ಬೇರ್ಪಡಿಸಲು 1 ಪಾಲು ಚಿನ್ನಕ್ಕೆ 3 ಪಾಲು ಬೆಳ್ಳಿ ಇರಬೇಕು. ಬೆಳ್ಳಿ ಕಡಿಮೆಯಾದರೆ ಅದನ್ನು ಕರಗಿಸುವ ನೈಟ್ರಿಕ್ ಆಸಿಡ್ ಒಳಗೆ ಇಳಿಯುವುದಿಲ್ಲ. ಕರಗಿಸಿ ನೀರಿಗೆ ಸಣ್ಣ ಧಾರೆಯಾಗಿ ಸುರಿದು ಕಾಳು ಮಾಡಿ, ಸಮ ನೀರು ಬೆರೆಸಿದ ಆಸಿಡ್‌ನಲ್ಲಿ ಕಾಯಿಸುತ್ತೇನೆ. ತಾಮ್ರವಿದ್ದಷ್ಟೂ ಆಸಿಡ್ ಖರ್ಚು: ಒಂದು ಗ್ರಾಂ ತಾಮ್ರ ತಿನ್ನುವ ಆಸಿಡ್ ಒಂದು ಗ್ರಾಂ ಬೆಳ್ಳಿ ತಿನ್ನುವುದರ ಮೂರು ಪಟ್ಟಿಗಿಂತ ಹೆಚ್ಚು. ಕಂದು ಹೊಗೆ ಕುಡಿದವರಿಗೆ ಆಗ ಏನೂ ಅನಿಸದೆ ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಹಾಗಾಗಿ ಹೊಗೆ ಎಳೆಯುವ ಗೂಡು ಇಲ್ಲದೆ ಈ ಕೆಲಸ ಬೇಡ.

ನಮ್ಮ ಕಡೆ ಎಡವುವುದು ನೀರಿನಲ್ಲಿ. ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಇರುತ್ತದೆ, ಆಸಿಡ್‌ಗೆ ಬೆರೆಸಿದ ಕೂಡಲೇ ಬೆಳ್ಳಿ ಹಾಲಿನ ಹಾಗೆ ಒಡೆದು ಚಿನ್ನದ ಪುಡಿಗೆ ಅಂಟುತ್ತದೆ. ನಲ್ಲಿ ನೀರೂ ಆಗುವುದಿಲ್ಲ, ಡಿಸ್ಟಿಲ್ಡ್ ವಾಟರ್ ಮಾತ್ರ. ತೊಳೆದ ನೀರಿಗೆ ಉಪ್ಪಿನ ಹನಿ ಬಿಟ್ಟಾಗ ಬೆಳ್ಳಗಾಗದಿದ್ದರೆ ತೊಳೆದದ್ದು ಸಾಕು. ಉಳಿದ ಕಂದು ಪುಡಿಯೇ ಚಿನ್ನ.

ಸೋಸಿದ ದ್ರಾವಣದಲ್ಲಿ ತಾಮ್ರದ ಪಟ್ಟಿ ಇಳಿಬಿಟ್ಟರೆ ಬೆಳ್ಳಿ ಕೂರುತ್ತದೆ, ಒಂದು ಗ್ರಾಂ ತಾಮ್ರಕ್ಕೆ ಸುಮಾರು 3.4 ಗ್ರಾಂ. ನೀಲಿ ನೀರಿನ ತಾಮ್ರವನ್ನು ಕಬ್ಬಿಣದ ಚೂರಿನಿಂದ ಇಳಿಸಿ, ಸುಣ್ಣದಿಂದ ಹುಳಿ ಮುರಿದು, ಗಸಿಯನ್ನು ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೇ ಕೊಡುತ್ತೇನೆ.

ಪಂಪ್‌ಸೆಟ್ ಸ್ಟಾರ್ಟರ್‌ಗಳಲ್ಲಿ ಕರೆಂಟ್ ಕೂಡಿಸುವ ಬೆಳ್ಳಿ ಪಾಯಿಂಟ್ ತರುವವರೂ ಇದ್ದಾರೆ. ಹಲವುಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಇರುತ್ತದೆ, ಮೂಸೆಗೆ ಹಾಕಿದರೆ ಅದರ ಹೊಗೆ ಪ್ರಾಣಕ್ಕೇ ಕುತ್ತು. ಅವನ್ನೂ ಸರ್ಕ್ಯೂಟ್ ಬೋರ್ಡುಗಳನ್ನೂ ನಾನು ಮುಟ್ಟುವುದಿಲ್ಲ. 2022ರ ಇ-ತ್ಯಾಜ್ಯ ನಿಯಮದ ಪ್ರಕಾರ ಬೋರ್ಡು ನೋಂದಾಯಿತ ರೀಸೈಕ್ಲರ್‌ಗೇ ಹೋಗಬೇಕು.