98,76,54,321ನ್ನು ಕೈಲೆಕ್ಕದಲ್ಲಿ ಬಿಡಿಸುವ ಬಗೆ

ದೊಡ್ಡ ಸಂಖ್ಯೆಗೆ ಎಷ್ಟು ಭಾಜಕಗಳಿವೆ, ಅವುಗಳ ಮೊತ್ತವೆಷ್ಟು, ಅದು ಪೂರ್ಣ ವರ್ಗವೇ? ಅವಿಭಾಜ್ಯ ಅಪವರ್ತನಗಳು ಕೈಗೆ ಸಿಕ್ಕರೆ ಇವೆಲ್ಲ ಬರೀ ಗುಣಾಕಾರ. ಹಾಗಾಗಿ ಶ್ರಮವೆಲ್ಲ ಅಪವರ್ತನಕ್ಕೇ ಇರಲಿ.

98,76,54,321ರ ಕೊನೆಯಂಕಿ 1. 2 ಮತ್ತು 5 ಹೋಗುವುದಿಲ್ಲ. ಅಂಕಿಗಳ ಮೊತ್ತ 45, ಆದ್ದರಿಂದ 9ರಿಂದ ಭಾಗಿಸಿ: 10,97,39,369. ಇದರ ಅಂಕಿಗಳ ಮೊತ್ತ 47. ಅಲ್ಲಿಗೆ 3ರ ಲೆಕ್ಕ ಚುಕ್ತಾ.

7, 11, 13ನ್ನು ಒಟ್ಟಿಗೇ ಪರೀಕ್ಷಿಸಬಹುದು, ಏಕೆಂದರೆ ಮೂರರ ಗುಣಲಬ್ಧ 1001. ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದು ಬಿಟ್ಟು ಒಂದನ್ನು ಕಳೆಯಿರಿ: 369 − 739 + 109 = −261. 261ನ್ನು ಈ ಮೂರರಲ್ಲಿ ಯಾವುದೂ ಭಾಗಿಸದು. ಲಕ್ಷ, ಕೋಟಿಯ ಅಲ್ಪವಿರಾಮಗಳು ಇಲ್ಲಿ ದಾರಿ ತಪ್ಪಿಸುತ್ತವೆ, ಮೊದಲು ಅಳಿಸಿಬಿಡಿ.

17ರಿಂದ ಭಾಗಿಸಿದರೆ 64,55,257. ಬಹುತೇಕರು ಎಡವುವುದು ಇಲ್ಲೇ: 17 ಮುಗಿಯಿತೆಂದು 19ಕ್ಕೆ ಹಾರುತ್ತಾರೆ, ಅದರ ವರ್ಗಮೂಲವಾದ ಸುಮಾರು 2540ರವರೆಗೂ (ಅದರಾಚೆ ಹುಡುಕಬೇಕಿಲ್ಲ) ಏನೂ ಸಿಗದೆ ಈ ಸಂಖ್ಯೆ ಅವಿಭಾಜ್ಯವೆಂದು ಬರೆದುಬಿಡುತ್ತಾರೆ. ಸಿಕ್ಕ ಭಾಜಕವನ್ನು ಮತ್ತೊಮ್ಮೆ ಪ್ರಯೋಗಿಸಲೇಬೇಕು. ಎರಡನೇ ಸಲ 3,79,721 ಬರುತ್ತದೆ. ಮೂರನೇ ಸಲ ಶೇಷ 9.

ಪ್ರತಿ ಭಾಗಾಕಾರದ ನಂತರ ವರ್ಗಮೂಲವನ್ನೂ ಹೊಸದಾಗಿ ನೋಡಿ. ಮೊದಲು 31,426ರವರೆಗೆ ಹುಡುಕಬೇಕಿತ್ತು, ಈಗ 616 ಸಾಕು. ಆದರೂ 19ರಿಂದ 613ರವರೆಗೆ 105 ಅವಿಭಾಜ್ಯಗಳಿವೆ, ಬೇಸರದ ಕೆಲಸ.

ಇದನ್ನು ಅರ್ಧಕ್ಕಿಳಿಸುವ ಉಪಾಯವೊಂದಿದೆ. 4ರಿಂದ ಭಾಗಿಸಿದರೆ 3,79,721ರ ಶೇಷ 1. ಇಂಥದ್ದು ಎರಡು ವರ್ಗಗಳ ಮೊತ್ತವಾಗಿರುವ ಸಾಧ್ಯತೆಯಿದೆ. 616ರಿಂದ ಕೆಳಗಿಳಿಯುತ್ತ ವರ್ಗ ಕಳೆಯಿರಿ: 616ಕ್ಕೆ ಉಳಿಯುವುದು 265, ವರ್ಗವಲ್ಲ, 615ಕ್ಕೆ 1496, ಅದೂ ಅಲ್ಲ, 611ಕ್ಕೆ 6400, ಅಂದರೆ 80ರ ವರ್ಗ. 611 ಮತ್ತು 80ಕ್ಕೆ 1ರ ಹೊರತು ಸಾಮಾನ್ಯ ಭಾಜಕವಿಲ್ಲ. ಅಂಥ ಎರಡರ ವರ್ಗಗಳ ಮೊತ್ತವನ್ನು ಭಾಗಿಸಬಲ್ಲ ಬೆಸ ಅವಿಭಾಜ್ಯಗಳೆಲ್ಲ 4ರಿಂದ ಭಾಗಿಸಿದಾಗ ಶೇಷ 1 ಬರುವಂಥವೇ. 19, 23, 31 ಎಲ್ಲ ತಾವಾಗಿಯೇ ಬಿದ್ದುಹೋದವು. 29ರಿಂದ 613ರವರೆಗೆ ಉಳಿದದ್ದು 50. ಯಾವುದೂ ಹೋಗುವುದಿಲ್ಲ, 3,79,721 ಅವಿಭಾಜ್ಯ.

ಅಪವರ್ತನ: 3² × 17² × 3,79,721. ಘಾತಗಳಿಗೆ ಒಂದೊಂದು ಸೇರಿಸಿ ಗುಣಿಸಿ: 3 × 3 × 2 = 18 ಭಾಜಕಗಳು. ಕೊನೆಯ ಘಾತ ಬೆಸವಾದ್ದರಿಂದ ಪೂರ್ಣ ವರ್ಗವಲ್ಲ. ಭಾಜಕಗಳ ಮೊತ್ತ (1+3+9) × (1+17+289) × 3,79,722 = 1,51,54,70,502. ಸಂಖ್ಯೆಯನ್ನೇ ಕಳೆದರೆ 52,78,16,181. ಪರಿಪೂರ್ಣ ಸಂಖ್ಯೆಯಾಗಲು, ಅಂದರೆ ಇದು ಮೂಲ ಸಂಖ್ಯೆಗೇ ಸಮವಾಗಲು, ಬಹಳ ಕಡಿಮೆ. 51 × 611 ಮತ್ತು 51 × 80 ಮಾಡಿದರೆ ಇನ್ನೊಂದು ಗುಣವೂ ಪುಕ್ಕಟೆ: 31,161² + 4,080² = 98,76,54,321.

ಹದಿನೈದು ಅಂಕಿ ದಾಟಿದ ಸಂಖ್ಯೆಗಳಿಗೆ ಸ್ಪ್ರೆಡ್‌ಶೀಟ್ ನಂಬಬೇಡಿ. ಎಕ್ಸೆಲ್ ಹದಿನೈದನೇ ಅಂಕಿಯಿಂದಾಚೆ ಸೊನ್ನೆ ತುಂಬುತ್ತದೆ, ಶೇಷವೆಲ್ಲ ಸುಳ್ಳಾಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪೂರ್ಣಾಂಕಗಳಿಗೆ ಈ ತೊಂದರೆಯಿಲ್ಲ. ಅಲ್ಲಿ ಭಾಗಿಸುವಾಗ ಉತ್ತರವೂ ಪೂರ್ಣಾಂಕವಾಗಿಯೇ ಬರಲು ಒಂಟಿ ಓರೆಗೆರೆಯ (/) ಬದಲು ಜೋಡಿ ಓರೆಗೆರೆ (//) ಹಾಕಿ.