‘ಬೇಡ’ ಎನ್ನಬೇಕಾಗದ ಕೋಣೆ: ಪುಟ್ಟ ಮಕ್ಕಳ ಆರೈಕೆ ಜಾಗವನ್ನು ಅಣಿಮಾಡುವ ಬಗೆ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲದ ಸುತ್ತಮುತ್ತ ಮಕ್ಕಳನ್ನು ನೋಡಿಕೊಳ್ಳುವ ಜಾಗಗಳಲ್ಲಿ ಅದಕ್ಕೆಂದೇ ಕಟ್ಟಿದವು ಕಡಿಮೆ. ಹಂಚಿನ ಮನೆಯ ಚಾವಡಿ, ಇಲ್ಲವೇ ತಗಡು ಹೊದೆಸಿದ ಒಂದು ಕೋಣೆ. ಮುಂದೆ ಅಂಗಳ, ಬದಿಯಲ್ಲಿ ಬಾವಿ, ಹಿಂದೆ ಅಡಿಕೆ ತೋಟ. ಇಷ್ಟನ್ನೇ ಇಟ್ಟುಕೊಂಡು ಎರಡೂವರೆಯಿಂದ ಐದು ವರ್ಷದೊಳಗಿನ ಹತ್ತು ಹದಿನೈದು ಮಕ್ಕಳಿಗೆ ಒಗ್ಗುವ ಜಾಗ ಮಾಡಬೇಕು.

ಆಟಿಕೆ ಕೊಳ್ಳುವ ಮೊದಲು ಒಂದು ಕೆಲಸವಿದೆ. ಮೂರು ದಿನ ಒಂದು ಪುಸ್ತಕ ಕೈಯಲ್ಲಿಟ್ಟುಕೊಂಡು, ‘ಬೇಡ’, ‘ಮುಟ್ಟಬೇಡ’, ‘ಅತ್ತ ಹೋಗಬೇಡ’ ಎಂದಾಗಲೆಲ್ಲ ಎಲ್ಲಿ, ಯಾವುದಕ್ಕೆ ಎಂದು ಗೀಟು ಹಾಕಿ. ಒಂದೇ ಜಾಗಕ್ಕೆ ಐದಾರು ಗೀಟು ಬಿದ್ದಿದ್ದರೆ ತಪ್ಪು ಮಗುವಿನದಲ್ಲ, ಜಾಗದ್ದು. ದಿನಕ್ಕೆ ನೂರು ಸಲ ‘ಬೇಡ’ ಕೇಳಿದ ಮಗು ನಿಜವಾಗಿ ಅಪಾಯವಿದ್ದಾಗ ಕೂಗಿದ ‘ಬೇಡ’ವನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಕ್ಕಳು ಇನ್ನೂ ಬಂದಿಲ್ಲವಾದರೆ ನೀವೇ ಮಂಡಿಯೂರಿ ಕೋಣೆಯಿಡೀ ತಿರುಗಿ. ಮೂರು ವರ್ಷದ ಮಗುವಿನ ಕಣ್ಣು ನೆಲದಿಂದ ಮೂರಡಿಗಿಂತ ತುಸು ಕೆಳಗಿರುತ್ತದೆ. ಮೇಜಿನ ಮೂಲೆ, ಇಸ್ತ್ರಿಪೆಟ್ಟಿಗೆಯ ವೈರು, ಕಿಟಕಿಯ ಕೊಕ್ಕೆ ಎಲ್ಲವೂ ಆಗ ಬೇರೆಯಾಗಿ ಕಾಣುತ್ತವೆ.

ನೀರು

ಬೇರೆಲ್ಲ ಆಮೇಲೆ, ನೀರು ಮೊದಲು. ಬಾವಿಕಟ್ಟೆ ನಾಲ್ಕಡಿ ಎತ್ತರವಿದ್ದರೂ ಅದಕ್ಕೆ ತಾಗಿ ಬಟ್ಟೆ ಒಗೆಯುವ ಕಲ್ಲು ಇದ್ದರೆ ಮಗುವಿಗೆ ಅದೇ ಮೆಟ್ಟಿಲು. ಕಲ್ಲನ್ನು ದೂರ ಸರಿಸಿ. ಮಗುಚಿಟ್ಟ ಬಕೆಟು, ಕೊಡ ಕೂಡ ಅಲ್ಲಿರಬಾರದು. ಎಲೆ ಬೀಳದಂತೆ ಕಟ್ಟುವ ನೈಲಾನ್ ಬಲೆ ಮಗುವಿನ ಭಾರ ತಡೆಯುವುದಿಲ್ಲ. ಅದು ಇದೆಯೆಂಬ ಧೈರ್ಯವೇ ಅಪಾಯ. ಕಬ್ಬಿಣದ ಚೌಕಟ್ಟಿಗೆ ಎರಡಿಂಚು ಕಣ್ಣಿನ ವೆಲ್ಡ್ ಮೆಶ್ ಹೊಡೆಸಿ, ಎರಡು ಭಾಗವಾಗಿ ತೆರೆಯುವಂತೆ ಕೀಲು ಹಾಕಿಸಿ, ಬೀಗ ಹಾಕಿ. ಬೀಗದ ಕೈಯನ್ನು ಬಾವಿಯ ಪಕ್ಕದ ಮೊಳೆಗೇ ತೂಗುಹಾಕಬೇಡಿ.

ಮದಕ (ಮಳೆನೀರು ನಿಲ್ಲುವ ಕೆರೆ), ತೋಟದ ಕಣಿ (ನೀರು ಹರಿಯುವ ಕಾಲುವೆ), ಪ್ಲಾಸ್ಟಿಕ್ ಹಾಸಿದ ನೀರಿನ ಹೊಂಡ, ಇವುಗಳತ್ತ ಹೋಗುವ ದಾರಿಗೆ ಬಾಗಿಲಿರಬೇಕು. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಬಿದ್ದರೆ ದೊಡ್ಡವರಿಗೂ ಜಾರಿ ಜಾರಿ ಮೇಲೆ ಬರಲಾಗುವುದಿಲ್ಲ. ಇನ್ನು ಬಚ್ಚಲಿನ ಬಕೆಟು: ಮಗು ಮುಳುಗಲು ಎರಡಿಂಚು ನೀರು ಸಾಕು. ಪುಟ್ಟ ಮಗುವಿಗೆ ತಲೆಯ ಭಾರ ಜಾಸ್ತಿ. ಬಗ್ಗಿ ಮುಗ್ಗರಿಸಿದರೆ ತಾನಾಗಿ ಮೇಲೇಳಲಾರದು, ಸದ್ದೂ ಬರುವುದಿಲ್ಲ. ಬಳಸಿದ ಕೂಡಲೇ ಚೆಲ್ಲಿ, ಬೋರಲು ಹಾಕಿ. ನೀರಾಟ ಮಕ್ಕಳಿಗೆ ಬೇಕೇ ಬೇಕು, ಅದನ್ನು ನಿಲ್ಲಿಸಬೇಡಿ. ಜಗಲಿಯಲ್ಲಿ ಅಗಲವಾದ ತಟ್ಟೆಗಳಲ್ಲಿ ಒಂದಿಂಚು ನೀರು, ಗೆರಟೆ, ಸೌಟು, ತೂತುಗಳಿರುವ ಡಬ್ಬಿ. ಒಬ್ಬರು ಪಕ್ಕದಲ್ಲೇ ಕುಳಿತಿರಬೇಕು, ಆಟ ಮುಗಿದೊಡನೆ ನೀರು ಗಿಡಕ್ಕೆ.

ಅಂಗಳ

ಆಟದ ಜಾಗಕ್ಕೆ ನೆರಳು ಬೇಕೆಂದು ತೆಂಗಿನ ಬುಡ ಹುಡುಕುವುದು ನಮ್ಮಲ್ಲಿ ಸಾಮಾನ್ಯ. ಮಡಲು (ತೆಂಗಿನ ಗರಿ) 15ರಿಂದ 20 ಅಡಿ ಉದ್ದವಿರುತ್ತದೆ. ಕಾಯಿಯೂ ಮಡಲೂ ಹೇಳಿ ಕೇಳಿ ಬೀಳುವುದಿಲ್ಲ. ಬುಡದಿಂದ 20 ಅಡಿ ಬಿಟ್ಟು ಆಟ ಇಡಿ. ಜಾಗ ಇಲ್ಲದಿದ್ದರೆ ಒಂದೂವರೆ ತಿಂಗಳಿಗೊಮ್ಮೆ ಕಾಯಿ ಕೀಳಿಸಿ, ಒಣ ಮಡಲು ತೆಗೆಸಿ, ಅದೂ ಮಕ್ಕಳಿಲ್ಲದ ದಿನ. ಜೋರು ಗಾಳಿಯಿದ್ದ ದಿನ ಅಂಗಳವೇ ಬೇಡ. ಹಲಸಿನ ಮರದಡಿಗೂ ಇದೇ ಲೆಕ್ಕ.

ಹತ್ತುವ ಆಟಿಕೆ ನಾಲ್ಕಡಿ ಮೀರದಿರಲಿ, ಅದರ ಕೆಳಗೂ ಸುತ್ತ ಆರಡಿಯೂ ಒಂದಡಿ ದಪ್ಪಕ್ಕೆ ಸಡಿಲ ಮರಳು ಇರಲಿ. ಮಳೆ ಬಿದ್ದ ಮರಳು ಗಟ್ಟಿಯಾಗುತ್ತದೆ, ಮಕ್ಕಳ ಕಾಲಿಗೆ ಸಿಕ್ಕಿ ಒಂದೆಡೆ ತೆಳ್ಳಗಾಗುತ್ತದೆ. ವಾರಕ್ಕೊಮ್ಮೆ ಹಾರೆಯಿಂದ ಕೆದಕಿ ಸಮ ಮಾಡಿ. ಸಂಜೆ ಟರ್ಪಾಲು ಹೊದೆಸದಿದ್ದರೆ ರಾತ್ರಿ ಬೆಕ್ಕುಗಳು ಅದನ್ನು ತಮ್ಮದೆಂದುಕೊಳ್ಳುತ್ತವೆ. ಗಾರೆ ಮಾಡದ ಕೆಂಪುಕಲ್ಲಿನ ಗೋಡೆ ಮೊಣಕೈ, ಕೆನ್ನೆ ತರಚುತ್ತದೆ. ಮಕ್ಕಳ ಎತ್ತರಕ್ಕೆ, ಮೂರೂವರೆ ಅಡಿಯವರೆಗೆ, ಸಾರಣೆ ಮಾಡಿಸಿ. ಪಾಗಾರದ ಕಲ್ಲುಗಳ ಸಂದಿಯನ್ನೂ ಮುಚ್ಚಿಸಿ. ಹಾವಿಗೆ ಬೇಕಾದ್ದು ಅದೇ ಸಂದಿ, ಅದೇ ಸೌದೆ ರಾಶಿ.

ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆಯುವ ಆಟಕ್ಕಿಂತ ಒಳ್ಳೆಯ ಗಾಡಿ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಳೆಯ ಅಂಚು ಸೀಳಿದ್ದರೆ ಕತ್ತರಿಸಿ, ಇಳಿಜಾರಿನಲ್ಲಿ ಎಳೆಯಬೇಡಿ.

ಬಾಯಿಗೆ ಹೋಗುವುದು

40 ಮಿ.ಮೀ. ಪಿವಿಸಿ ಪೈಪಿನ ಎರಡಿಂಚು ತುಂಡೊಂದನ್ನು ಕತ್ತರಿಸಿ ಅಂಚು ಉಜ್ಜಿ ಇಟ್ಟುಕೊಳ್ಳಿ. ಅದರೊಳಗೆ ಇಡಿಯಾಗಿ ಇಳಿಯುವ ಯಾವ ವಸ್ತುವೂ ಮೂರು ವರ್ಷದೊಳಗಿನವರ ಕೈಗೆ ಸಿಗಬಾರದು. ಚೆಂಡಾದರೆ ಎರಡಿಂಚಿಗಿಂತ ದೊಡ್ಡದಿರಲಿ. ಈ ಅಳತೆಗೆ ಚೆನ್ನೆಮಣೆಯ (ಗುಳಿಗಳಿಗೆ ಕಾಳು ಹಾಕುತ್ತ ಆಡುವ ಮಣೆಯಾಟ) ಮಂಜೊಟ್ಟಿ ಕಾಳು ನಿಲ್ಲುವುದಿಲ್ಲ. ಅದು ಗಂಟಲಿಗಷ್ಟೇ ಅಲ್ಲ, ಮೂಗಿಗೂ ಕಿವಿಗೂ ಹೋಗುತ್ತದೆ. ಚೆನ್ನೆಮಣೆಯನ್ನು ಐದು ದಾಟಿದವರಿಗೆ, ಪಕ್ಕದಲ್ಲಿ ಕುಳಿತು ಆಡಿಸಿ. ಗುಲಗಂಜಿ ಮಾತ್ರ ಯಾರಿಗೂ ಬೇಡ. ಸಿಪ್ಪೆ ಒಡೆದರೆ ಒಳಗಿರುವುದು ಕಡುವಿಷ. ಬೇಲಿಯಲ್ಲಿ ಬಳ್ಳಿಯಿದ್ದರೆ ಕಿತ್ತುಬಿಡಿ, ಕಣಗಿಲೆ ಗಿಡವನ್ನೂ ಕೂಡ.

ಜಾತ್ರೆ, ಉರೂಸಿನಲ್ಲಿ ಕೊಂಡ ಮಿನುಗುವ ಆಟಿಕೆಗಳಲ್ಲಿ ಗುಂಡಿಯಂಥ ಬ್ಯಾಟರಿ ಇರುತ್ತದೆ. ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲುದು. ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ. ಮನೆಯಿಂದ ಮಗು ಕೈಯಲ್ಲಿ ಹಿಡಿದು ಬಂದದ್ದನ್ನು ಬಾಗಿಲಲ್ಲೇ ನೋಡಿ ಅಮ್ಮನ ಕೈಗೆ ಮರಳಿಸುವುದು ಸುಲಭದ ದಾರಿ.

ಮನೆಯ ಒಂದು ಪಾಲಿನಲ್ಲಿ ಮಕ್ಕಳಿದ್ದರೆ ಕೊಟ್ಟಿಗೆಯನ್ನೂ ನೋಡಿ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ನೀಲಿ ಮೈಲುತುತ್ತು ಮಗುವಿನ ಕಣ್ಣಿಗೆ ಕಲ್ಲುಸಕ್ಕರೆ. ರಬ್ಬರ್ ಹಾಲು ಹೆಪ್ಪುಗಟ್ಟಿಸಿ ಶೀಟು ಮಾಡಲು ಬಳಸುವ ಆಸಿಡ್ ಕುಡಿಯುವ ನೀರಿನಂತೆಯೇ ಕಾಣುತ್ತದೆ, ಹೆಚ್ಚಾಗಿ ಹಳೆಯ ಜ್ಯೂಸ್ ಬಾಟಲಿಯಲ್ಲೇ ಇರುತ್ತದೆ. ಬೀಗ ಹಾಕುವ ಕಪಾಟು, ಅದೂ ಬೇರೆ ಕೋಣೆಯಲ್ಲಿ. ಆಸಿಡ್ ಕುಡಿದಿದ್ದರೂ ವಾಂತಿ ಮಾಡಿಸಬಾರದು, ಬಾಟಲಿಯನ್ನು ಜೊತೆಗೊಯ್ಯಿರಿ. ಆಂಬುಲೆನ್ಸಿನ 108 ಸಂಖ್ಯೆಯನ್ನು ಗೋಡೆಯಲ್ಲಿ ದೊಡ್ಡದಾಗಿ ಬರೆದಿಡಿ.

ಕೋಣೆಯೊಳಗೆ

ಒಂದು ಮಗುವಿಗೆ 12 ಚದರ ಅಡಿಗಿಂತ ಕಡಿಮೆಯಾದರೆ ಜಗಳ ಖಂಡಿತ. ಆದರೆ ದೊಡ್ಡ ಖಾಲಿ ಕೋಣೆಯೂ ಒಳ್ಳೆಯದಲ್ಲ. ಬಾಗಿಲಿನಿಂದ ಎದುರು ಗೋಡೆಯವರೆಗೆ ಉದ್ದಕ್ಕೆ ಖಾಲಿ ಬಿಟ್ಟರೆ ಅದು ಓಟದ ಪಟ್ಟಿ. ಎರಡಡಿ ಎತ್ತರದ ತೆರೆದ ಕಪಾಟುಗಳನ್ನು ಅಡ್ಡವಿಟ್ಟು ನಾಲ್ಕು ಮೂಲೆ ಮಾಡಿ. ಕುಳಿತ ಮಗುವಿಗೆ ಮರೆ, ನಿಂತ ನಿಮಗೆ ಎಲ್ಲರೂ ಕಾಣಬೇಕು. ಕಪಾಟನ್ನು ಎಲ್-ಆಕಾರದ ಕ್ಲಾಂಪಿನಿಂದ ನೆಲಕ್ಕೋ ಗೋಡೆಗೋ ಬಿಗಿಯಿರಿ, ಮಕ್ಕಳು ಹತ್ತಿಯೇ ಹತ್ತುತ್ತಾರೆ.

ಮರದ ತುಂಡು ಜೋಡಿಸುವ ಮೂಲೆ ನಡೆದಾಡುವ ದಾರಿಯಿಂದ ದೂರವಿರಲಿ. ಕಟ್ಟಿದ್ದನ್ನು ಯಾರೋ ಕಾಲಲ್ಲಿ ಬೀಳಿಸಿದರೆ ಹೊಡೆದಾಟವಾಗುತ್ತದೆ. ಪುಸ್ತಕ ಕಿಟಕಿಯ ಬಳಿ. ಬಣ್ಣ, ಮಣ್ಣು ಜಗಲಿಯಲ್ಲಿ. ಇನ್ನೊಂದು ವೇಷದ ಮೂಲೆ: ಹಳೆಯ ಶಾಲು, ರಟ್ಟಿನ ಕಿರೀಟ, ಗೋಡೆಗೆ ಬಿಗಿದ ಅಕ್ರಿಲಿಕ್ ಕನ್ನಡಿ. ಗಾಜಿನದ್ದು ಬೇಡ. ಯಕ್ಷಗಾನ ನೋಡಿ ಬಂದ ಮರುದಿನ ಈ ಮೂಲೆಗೆ ಜಾಗ ಸಾಲುವುದಿಲ್ಲ. ಪ್ರತಿ ಮೂಲೆಯಲ್ಲೂ ನಾಲ್ಕೇ ಮಣೆ ಇಡಿ. ಮಣೆ ಖಾಲಿಯಿಲ್ಲದಿದ್ದರೆ ಬೇರೆ ಮೂಲೆ ಎಂಬುದನ್ನು ಮಗು ತಾನೇ ನೋಡಿ ತಿಳಿಯುತ್ತದೆ, ನೀವು ಹೇಳಬೇಕಾಗಿಲ್ಲ. ಕುರ್ಚಿಯಾದರೆ ಹತ್ತಿಂಚು, ಮೇಜು 18 ಇಂಚು. ಕಾಲು ನೆಲಕ್ಕೆ ತಾಗದ ಮಗು ಹೆಚ್ಚು ಹೊತ್ತು ಕೂರುವುದಿಲ್ಲ.

ಎಲ್ಲ ಆಟಿಕೆಯನ್ನೂ ಒಟ್ಟಿಗೆ ಹೊರಗಿಟ್ಟರೆ ಮಕ್ಕಳು ಸುರಿಯುತ್ತಾರೆ, ಆಡುವುದಿಲ್ಲ. ಎಂಟು ಹತ್ತು ಬಗೆ ಹೊರಗೆ, ಉಳಿದದ್ದು ಒಳಗೆ, ಹದಿನೈದು ದಿನಕ್ಕೊಮ್ಮೆ ಬದಲು. ಎಲ್ಲರಿಗೂ ಬೇಕಾದ ಲಾರಿ, ಗೊಂಬೆಗಳು ಒಂದೇ ಥರದ್ದು ಮೂರಾದರೂ ಇರಲಿ. ಮೂರು ವರ್ಷದೊಳಗಿನವರಿಗೆ ‘ಹಂಚಿಕೊಂಡು ಆಡು’ ಎಂಬುದು ಅರ್ಥವಾಗುವ ಮಾತಲ್ಲ.

ಅಡುಗೆಕೋಣೆಗೆ ಮೂರಡಿಯ ಅರೆಬಾಗಿಲು, ಚಿಲಕ ಅಡುಗೆಯವರ ಕಡೆಗೆ. ಬಿಸಿ ಗಂಜಿಯ ಪಾತ್ರೆ ನೆಲದಲ್ಲಿಡಬಾರದು, ಮಕ್ಕಳ ತಲೆಯ ಮೇಲಿಂದ ದಾಟಿಸಲೂ ಬಾರದು. ಒಳಗೇ ಬಟ್ಟಲಿಗೆ ಹಾಕಿ, ಆರಿಸಿ ತನ್ನಿ. ಮಾಡಿಗೆ ಕಟ್ಟಿದ ಸೀರೆ ತೊಟ್ಟಿಲನ್ನು ಕೂಸು ಎದ್ದೊಡನೆ ಬಿಚ್ಚಿಡಿ. ಖಾಲಿ ಸೀರೆಯಲ್ಲಿ ದೊಡ್ಡ ಮಕ್ಕಳು ಸುತ್ತಿ ತಿರುಗಿದರೆ ಕುತ್ತಿಗೆಗೆ ಬಿಗಿಯುತ್ತದೆ. ವಿದ್ಯುತ್ ಮೀಟರಿನ ಹತ್ತಿರ 30 ಮಿಲಿಆಂಪಿಯರ್‌ನ ಇಎಲ್‌ಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು) ಇದೆಯೇ ನೋಡಿ, ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ.

ಜೂನ್ ತಿಂಗಳು

ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಒಟ್ಟಿಗೆ. ಮೊದಲ ಸಲ ಅಮ್ಮನನ್ನು ಬಿಟ್ಟ ಮಗು ಅಳುತ್ತಿರುತ್ತದೆ, ಮೇಲೆ ತಗಡಿನ ಸದ್ದಿಗೆ ನಿಮ್ಮ ಮಾತು ಕೇಳುವುದಿಲ್ಲ. ಆ ಹೊತ್ತಿಗೆ ಕಥೆ ಹೇಳಲು ಹೊರಡಬೇಡಿ. ಮಣ್ಣು ಕಲಸುವುದು, ಚಿತ್ರ, ಕೈಸನ್ನೆಯ ಆಟ ಸಾಕು. ಕೊಡೆಗಳನ್ನು ಹೊರಗೆ ಎತ್ತರದ ಕೊಕ್ಕೆಗೆ ತೂಗುಹಾಕಿ. ಮಡಚಿದ ಕೊಡೆಯ ಮೊನೆ ಇನ್ನೊಂದು ಮಗುವಿನ ಕಣ್ಣಿನ ಎತ್ತರಕ್ಕೇ ಬರುತ್ತದೆ. ಮೆಟ್ಟಿಲು, ಅಂಗಳದ ಕಲ್ಲಿನ ಪಾಚಿಯನ್ನು ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಮಕ್ಕಳು ಹೋದ ಮೇಲೆ.

ಮನೆಮಾತು

ಇಲ್ಲಿಯ ಒಂದೇ ಚಾಪೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿ, ಕನ್ನಡ ಎಲ್ಲ ಕೂತಿರುತ್ತವೆ. ಇದು ಸುರಕ್ಷತೆಯ ವಿಷಯವೂ ಹೌದು. ನೋವಾದಾಗ, ಹೆದರಿದಾಗ ಮಗುವಿನ ಬಾಯಿಗೆ ಬರುವುದು ಮನೆಮಾತೇ. ‘ಬೇನೆ ಆಪುಂಡು’ ಎಂದು ತುಳುವಿನಲ್ಲಿ ಅಳುವ ಮಗುವಿಗೆ ಹಸಿವೆಂದು ತಿಂಡಿ ಕೊಟ್ಟರೆ ಏನು ಬಂತು? ಮಲಯಾಳದ ‘ವೆಳ್ಳಂ’ ಎಂದರೆ ಬೆಲ್ಲವಲ್ಲ, ನೀರು. ನೀರು, ಹಸಿವು, ನೋವು, ಉಚ್ಚೆ, ಅಮ್ಮ – ಈ ಐದು ಮಾತು ಪ್ರತಿ ಮನೆಯಲ್ಲಿ ಹೇಗೆ ಹೇಳುತ್ತಾರೆಂದು ಸೇರಿಸುವ ದಿನವೇ ಕೇಳಿ ಬರೆದುಕೊಳ್ಳಿ. ಕಪಾಟಿನ ಮೇಲೆ ವಸ್ತುವಿನ ಚಿತ್ರ, ಕೆಳಗೆ ಕನ್ನಡದಲ್ಲೂ ಮಲಯಾಳದಲ್ಲೂ ಹೆಸರು. ಓದಲು ಬಾರದ ಮಗುವೂ ಚಿತ್ರ ನೋಡಿ ಎತ್ತಿಡುತ್ತದೆ.

ಸಂಜೆ

ದಿನದ ಅತಿ ಅಪಾಯದ ಹೊತ್ತು ಮನೆಗೆ ಕಳಿಸುವ ಹದಿನೈದು ನಿಮಿಷ. ಅಮ್ಮನನ್ನು ಕಂಡ ಮಗು ಓಡುತ್ತದೆ, ಅಂಗಳದಲ್ಲಿ ಆಟೋ ಹಿಂದಕ್ಕೆ ಬರುತ್ತಿರುತ್ತದೆ. ವಾಹನಗಳು ಗೇಟಿನ ಹೊರಗೇ ನಿಲ್ಲಲಿ. ಗೇಟಿನ ಚಿಲಕ ಐದಡಿ ಎತ್ತರದಲ್ಲಿ, ಒಳಬದಿಗೆ ಇರಲಿ. ಒಬ್ಬರು ಗೇಟಿನಲ್ಲಿ, ಇನ್ನೊಬ್ಬರು ಚಾವಡಿಯಲ್ಲಿ ನಿಂತು ಒಂದೊಂದೇ ಹೆಸರು ಕರೆದು ಕೈಗೆ ಕೈ ಕೊಟ್ಟು ಕಳಿಸಿ. ಕರೆದೊಯ್ಯಲು ಯಾರೆಲ್ಲ ಬರಬಹುದೆಂದು ಮನೆಯವರು ಮೊದಲೇ ಬರೆದುಕೊಟ್ಟಿರಬೇಕು. ಪಟ್ಟಿಯಲ್ಲಿಲ್ಲದವರು ಬಂದರೆ, ಗುರುತಿನವರೇ ಆಗಿರಲಿ, ಫೋನ್ ಮಾಡಿ ಕೇಳುವವರೆಗೆ ಮಗು ಚಾವಡಿಯಲ್ಲೇ.